ನನ್ನ ಇಪ್ಪತ್ನಾಲ್ಕು ಬೆಣೆಗಳು

ನಾನು ಒಂದು ಕೋಣೆ. ಗದಗಿನ ಕಡೆಯ ಒಂದು ಹಳ್ಳಿಯ ಸರಕಾರಿ ಶಾಲೆಯ ಹಿಂದೆ, ಮಕ್ಕಳಿಗೆ ಬಡಿಗತನ ಕಲಿಸಲೆಂದೇ ನನ್ನನ್ನು ಕಟ್ಟಿದರು. ಗೋಡೆ ಎಬ್ಬಿಸಿದವರು ಊರ ಜನ, ಮೇಲಿನ ಮರಗೆಲಸ ಮಾತ್ರ ಮೌನೇಶಪ್ಪ ಮಾಸ್ತರದು. ಆಗ ಅವರಿಗೆ ಇಪ್ಪತ್ತೆರಡು ವರ್ಷ, ಮೀಸೆಗಿಂತ ಹಠ ದಪ್ಪ. ಒಂದೂ ಕಬ್ಬಿಣದ ಮೊಳೆ ಹೊಡೆಯದೆ, ನನ್ನ ಸಾಗವಾನಿ ತೊಲೆಗಳಿಗೂ ಜಂತಿಗಳಿಗೂ ಇಪ್ಪತ್ನಾಲ್ಕು ಮರದ ಬೆಣೆ ಬಡಿದು ಜೋಡಿಸಿದರು. ಹಂಚಿನ ಭಾರವೆಲ್ಲ ಆ ಬೆಣೆಗಳ ಮೇಲೆ. ನನ್ನ ಜೀವ ಇರುವುದು ಗೋಡೆಯಲ್ಲಲ್ಲ, ಆ ಗೇಣುದ್ದದ ತುಂಡುಗಳಲ್ಲಿ ಎಂದು ನನಗೆ ಮೊದಲಿನಿಂದಲೂ ಗೊತ್ತಿತ್ತು.

ಆ ಬೆಣೆಗಳನ್ನು ಮಾಸ್ತರು ಬೇಕೆಂದೇ ಮೆತ್ತನೆಯ ಮರದಲ್ಲಿ ಮಾಡಿದ್ದರು. ಪ್ರತಿವರ್ಷ ಏಳನೇ ತರಗತಿಯ ಮಕ್ಕಳು ಸೇರಿ ಗಟ್ಟಿ ಜಾಲಿಮರದ ಒಂದು ಬೆಣೆ ಕೆತ್ತಬೇಕು, ಇಸವಿ ಕೊರೆಯಬೇಕು, ಹಳೆಯದೊಂದನ್ನು ತೆಗೆದು ಆ ಜಾಗದಲ್ಲಿ ಅದನ್ನು ಕೂರಿಸಬೇಕು. ಅದೇ ಅವರ ಪರೀಕ್ಷೆ. ಇದಕ್ಕೆಂದೇ ಮೂಲೆಯಲ್ಲಿ ಒಂದು ಆಸರೆಗಂಬ ಇರುತ್ತಿತ್ತು. ಅದನ್ನು ಜಂತಿಯ ಕೆಳಗೆ ಕೊಟ್ಟ ಮೇಲೆಯೇ ಬೆಣೆಗೆ ಕೈ ಹಚ್ಚಬೇಕು. “ಮೊದಲ ಆಸರಿ, ಆಮ್ಯಾಲ ಬೆಣಿ” ಎಂದು ಮಕ್ಕಳು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಿದ್ದರು. ದೇವೇಂದ್ರಪ್ಪ ಎಂಬ ಹುಡುಗ ಒಮ್ಮೆ ಅವಸರಪಟ್ಟು, ಆಸರೆ ಕೊಡದೆ ಸುತ್ತಿಗೆ ಎತ್ತಿದ. ಮಾಸ್ತರು ಸುತ್ತಿಗೆ ಕಸಿದುಕೊಂಡು ಒಂದು ವಾರ ಅವನನ್ನು ಹೊಸ್ತಿಲ ಹೊರಗೆ ಕೂರಿಸಿದರು. ನನಗೆ ಆಗ ಅದು ಅತಿಯಾಯಿತು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ.

ಇಪ್ಪತ್ನಾಲ್ಕು ವರ್ಷಕ್ಕೆ ಇಪ್ಪತ್ನಾಲ್ಕೂ ಬೆಣೆ ಬದಲಾದವು. ಮರುವರ್ಷವೇ ವೇಳಾಪಟ್ಟಿಯಿಂದ ಬಡಿಗತನ ಹೋಯಿತು, ಮಾಸ್ತರಿಗೆ ವರ್ಗವಾಯಿತು. ನಾನು ಅಕ್ಕಿ ಚೀಲಗಳ, ಕಾಲು ಮುರಿದ ಬೆಂಚುಗಳ ಪಾಲಾದೆ. ಆಸರೆಗಂಬವನ್ನು ಯಾರೋ ಮದುವೆಯ ಹಂದರಕ್ಕೆ ಒಯ್ದರು, ತಿರುಗಿ ತರಲಿಲ್ಲ. ಅದರ ಜಾಗ ಖಾಲಿ ಕಂಡಾಗಲೆಲ್ಲ ನನಗೆ ಕಸಿವಿಸಿಯಾಗುತ್ತಿತ್ತು.

ಎರಡು ವರ್ಷದ ಕೆಳಗೆ ಒಬ್ಬ ಇಂಜಿನಿಯರು ಬಂದು ನನ್ನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡ ಗುಣಾಕಾರ ಚಿಹ್ನೆ ಎಳೆದು ಹೋದ. ಕೆಡವುವ ಕಟ್ಟಡಗಳಿಗೆ ಹಾಕುವ ಗುರುತು ಅದು. ಅದಕ್ಕೆ ಅಡ್ಡ ನಿಂತವರು ಶಾಲೆಯ ಮುಖ್ಯೋಪಾಧ್ಯಾಯಿನಿ ನೀಲಮ್ಮ ಹೂಗಾರ ಅಕ್ಕೋರು. ಅರ್ಜಿಯ ಮೇಲೆ ಅರ್ಜಿ ಬರೆದು, ಪಾರಂಪರಿಕ ಕಟ್ಟಡಗಳನ್ನು ನೋಡುವ ಅಧಿಕಾರಿಗಳು ಒಮ್ಮೆ ಬಂದು ಹೋಗುವಂತೆ ಮಾಡಿದರು. ಅವರು ಒಪ್ಪಿದರೆ ನಾನು ಉಳಿಯುತ್ತೇನೆ, ನನ್ನೊಳಗೆ ಮತ್ತೆ ಉಳಿ, ಕೊಡತಿಯ ಸದ್ದು ಕೇಳುತ್ತದೆ. ಒಪ್ಪದಿದ್ದರೆ ಆ ಕೆಂಪು ಗುರುತೇ ಗತಿ.

ಅಕ್ಕೋರು ಸ್ವತಃ ಏಣಿ ಹತ್ತಿ ಜೇಡರಬಲೆ ತೆಗೆದರು. ಪ್ರತಿ ಬೆಣೆಯ ಇಸವಿ ಓದಿ, ಹಳೆಯ ಹಾಜರಿ ಪುಸ್ತಕ ಹುಡುಕಿ, ಆ ವರ್ಷದ ಮಕ್ಕಳ ಹೆಸರು ಬರೆದ ಚೀಟಿಯನ್ನು ಅದರ ಕೆಳಗೆ ಅಂಟಿಸಿದರು. ಹಳೆಯ ವಿದ್ಯಾರ್ಥಿಗಳನ್ನು ಕರೆಸಿ ತೋರಿಸಿದರು. ಅವರು ಕತ್ತೆತ್ತಿ ತಮ್ಮ ಹೆಸರು ಓದಿಕೊಂಡರು, ಮೊಬೈಲಿನಲ್ಲಿ ಫೋಟೋ ತೆಗೆದರು, ಕೆಲವರು ಅತ್ತರು. ನನಗೂ ಎದೆ ತುಂಬಿ ಬಂತು. ಆದರೆ ಹೊರಗೆ ಹೋಗುವಾಗ ಎಲ್ಲರ ಕಣ್ಣೂ ಆ ಕೆಂಪು ಗುರುತಿನ ಮೇಲೆ ಬಿದ್ದದ್ದನ್ನು ನಾನು ಗಮನಿಸಿದೆ. ಅಕ್ಕೋರು ಗಮನಿಸಲಿಲ್ಲ.

ದಸರಾ ರಜೆ ಶುರುವಾದ ಮೂರನೆಯ ದಿನ ಮಧ್ಯಾಹ್ನ ಬೀಗ ತೆಗೆದ ಸದ್ದಾಯಿತು. ಕೀಲಿಕೈ ಕಿಟಕಿಯ ಗೂಡಿನಲ್ಲಿರುವುದು ಊರಿಗೇ ಗೊತ್ತು. ಬಂದವನು ದೇವೇಂದ್ರಪ್ಪ, ಈಗ ನಿವೃತ್ತ ಪೋಸ್ಟ್ ಮಾಸ್ತರ. ಜೊತೆಗೆ ಹೆಂಡತಿಯಿದ್ದಳು. ಆಕೆ ಬೇಡವೆಂದು ಅವನ ತೋಳು ಹಿಡಿದಳು.

“ಹೆಂಗೂ ಕೆಡವ್ತಾರ. ಮಣ್ಣಾಗಿ ಹೋಗೂದು, ಮನ್ಯಾಗರ ಇರಲಿ,” ಎಂದ ದೇವೇಂದ್ರಪ್ಪ. “ನಂದೊಂದ ಬೆಣಿ ತಗದ್ರ ಏನಾಗತೈತಿ?”

ಸುತ್ತಿಗೆಯಿಂದ ಎರಡೇ ಏಟು. ಅರವತ್ತೆಂಟನೇ ಇಸವಿಯ ಬೆಣೆ ಅವನ ಕೈಗೆ ಬಂತು. ಅದನ್ನು ಕಣ್ಣಿಗೊತ್ತಿಕೊಂಡ. ಅಕ್ಕೋರಿಗೆ ನೋವಾಗಬಾರದೆಂದು ತೂತಿಗೆ ಜೋಳದ ದಂಟಿನ ತುಂಡು ತುರುಕಿ, ಮೇಲೆ ಎಣ್ಣೆಮಸಿ ಬಳಿದ. ಕೆಳಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು. ಜಂತಿ ಕೂದಲೆಳೆಯಷ್ಟು ಕೆಳಗಿಳಿದಿತ್ತು.

ಎರಡು ದಿನ ಬಿಟ್ಟು ಇನ್ನೊಬ್ಬರು ಬಂದರು. ಆಮೇಲೆ ಮತ್ತಿಬ್ಬರು. ಒಬ್ಬರು ತೆಗೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ, ಯಾರೂ ಯಾರಿಗೂ ಹೇಳಲಿಲ್ಲ. ಎಲ್ಲರದೂ ಅದೇ ಮಾತು, ನಂದೊಂದ ಬೆಣಿ. ಎಲ್ಲರದೂ ಅದೇ ಉಪಾಯ, ತೂತಿಗೆ ದಂಟು, ಮೇಲೆ ಮಸಿ. ಚೀಟಿ ಇದ್ದುದರಿಂದ ಹುಡುಕುವ ಕಷ್ಟವೂ ಇರಲಿಲ್ಲ. ರಜೆ ಮುಗಿಯುವಷ್ಟರಲ್ಲಿ ಹತ್ತೊಂಬತ್ತು ಬೆಣೆ ಹೋಗಿದ್ದವು. ಉಳಿದ ಐದು ವರ್ಷದವರಿಗೆ ಬರಲು ಪುರುಸೊತ್ತಾಗಿರಲಿಲ್ಲ. ಆ ಐದರ ಮೇಲೆ, ಮತ್ತು ಹಳೆಯ ಅಭ್ಯಾಸದ ಮೇಲೆ, ನಾನು ನಿಂತಿದ್ದೆ. ಗಾಳಿ ಬೀಸಿದರೆ ಹೆದರುತ್ತಿದ್ದೆ.

ಅಧಿಕಾರಿಗಳು ಬರುವ ದಿನ ಅಕ್ಕೋರು ನನ್ನನ್ನು ಸಾರಿಸಿ ರಂಗೋಲಿ ಹಾಕಿಸಿದರು. ಕೋಣೆ ಬಳಕೆಯಲ್ಲಿದೆ ಎಂದು ತೋರಿಸಲು ಏಳನೇ ತರಗತಿಯ ಇಪ್ಪತ್ತಾರು ಮಕ್ಕಳನ್ನು ನನ್ನ ನಡುವೆ ಸಾಲಾಗಿ ಕೂರಿಸಿದರು. ನಾನು ಜೋಳದ ದಂಟಿನ ಧೂಳು ಉದುರಿಸಿದೆ. ಒಂದು ಹುಡುಗಿ ತಲೆ ಕೊಡವಿಕೊಂಡು ಗೆಳತಿಯ ಕಡೆ ನೋಡಿ ನಕ್ಕಳು. ಅದಕ್ಕಿಂತ ಹೆಚ್ಚು ಹೇಳಲು ನನಗೆ ಬಾಯಿಲ್ಲ.

ಕಾರು ಬಂತು. ಅದರಲ್ಲಿ ಅಧಿಕಾರಿಗಳೊಂದಿಗೆ, ಅಕ್ಕೋರ ಕರೆಗೆ ಬಂದ ಮೌನೇಶಪ್ಪ ಮಾಸ್ತರೂ ಇದ್ದರು. ಎಂಬತ್ತೈದು ವರ್ಷ, ಕಣ್ಣು ಮಂಜು. ಹೊಸ್ತಿಲು ದಾಟಿದವರೇ ಅಭ್ಯಾಸದಂತೆ ಊರುಗೋಲೆತ್ತಿ ತೊಲೆಗೆ ಒಮ್ಮೆ ಬಡಿದರು. ಸದ್ದು ಪೊಳ್ಳಾಗಿತ್ತು. ಊರುಗೋಲು ಇಳಿಸಿ ಅಕ್ಕೋರ ಕಡೆ ತಿರುಗಿದರು.

“ಅಕ್ಕೋರ, ಹುಡುಗ್ರನ್ನ ಹೊರಗ ಕಳಸ್ರಿ. ಸಾವಕಾಶ. ಯಾರೂ ಓಡಬ್ಯಾಡ್ರಿ.”

ಅಕ್ಕೋರು ಅಧಿಕಾರಿಗಳನ್ನು ಹೊರಗೆ ಸರಿಸಿ ಬಾಗಿಲು ಬಿಡಿಸಿದರು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೋದರು. ಅಷ್ಟು ಹೊತ್ತು ನಾನು ಹೇಗೆ ತಡೆದುಕೊಂಡೆನೋ ನನಗೇ ತಿಳಿಯದು. ಕೊನೆಯ ಹುಡುಗಿಯ ಹಿಂದೆ ಮಾಸ್ತರು ಹೊಸ್ತಿಲಿಳಿದ ಮೇಲೆ ಕೈಬಿಟ್ಟೆ.

ಧೂಳು ಅಡಗಿದಾಗ ನನಗೆ ಮೂರು ಗೋಡೆ ಉಳಿದಿದ್ದವು. ಅಧಿಕಾರಿಗಳು ಫೈಲು ಮುಚ್ಚಿಕೊಂಡು ಹೊರಟರು. ಹಂಚಿನ ರಾಶಿಯಲ್ಲಿ ದಂಟಿನ ತುಂಡುಗಳು ಸಿಕ್ಕವು. ಸಂಜೆಯೊಳಗೆ ಹತ್ತೊಂಬತ್ತು ಮಂದಿ ಬೆಣೆ ಹಿಡಿದು ಬಂದು, ಒಬ್ಬರ ಕೈಯನ್ನೊಬ್ಬರು ನೋಡಿದರು. ಈಗ ಇಪ್ಪತ್ನಾಲ್ಕೂ ಬೆಣೆಗಳು ಶಾಲೆಯ ಗಾಜಿನ ಕಪಾಟಿನಲ್ಲಿ ಚೀಟಿಸಮೇತ ಕೂತಿವೆ. ನನ್ನ ಪಕ್ಕದಲ್ಲಿ ಜೆಸಿಬಿ ಬಂದು ನಿಂತಿದೆ. ಇವರು ನನ್ನನ್ನು ಪ್ರೀತಿಸಲಿಲ್ಲ ಎಂದರೆ ಸುಳ್ಳಾದೀತು. ಪ್ರೀತಿಯಿಂದಲೇ ನಾನು ಬಿದ್ದದ್ದು, ಅದೇ ನನಗೆ ತಡೆಯಲಾಗದ ಸಂಕಟ.

ಆ ಸಂಜೆ ದೇವೇಂದ್ರಪ್ಪ ಮಾಸ್ತರ ಕಾಲ ಬಳಿ ಬೆಣೆಯಿಟ್ಟು, ತಾನೊಬ್ಬನೇ ತೆಗೆದದ್ದು ಅಂದುಕೊಂಡಿದ್ದಾಗಿ ಹೇಳಿದ. ಮಾಸ್ತರು ಬೈಯಲಿಲ್ಲ. ಬೆಣೆಯನ್ನು ಎತ್ತಿಕೊಂಡು, ಕೊರೆದ ಇಸವಿಯ ಮೇಲೆ ಬೆರಳಾಡಿಸಿದರು.

“ಆಸರಿ ಕೊಟ್ಟಿದ್ದಿಯೇನು?” ಎಂದು ಕೇಳಿದರು.

ಎಪ್ಪತ್ತು ತುಂಬಿದ ದೇವೇಂದ್ರಪ್ಪ ಎದ್ದು ಹೋಗಿ, ನನ್ನ ಹೊಸ್ತಿಲ ಹೊರಗೆ ಕೂತ.