ಬಿಗಿದ ಮೂಲೆಗಳು

ಆಸ್ಪತ್ರೆಯ ಬೆಡ್‌ಶೀಟುಗಳನ್ನು ಒಗೆದು ಹಾಸುವ ಅವಳ ಕೈ ಅಂಗಡಿಯಲ್ಲೂ ಸುಮ್ಮನಿರಲಿಲ್ಲ. ಒಂದೊಂದು ಶೀಟನ್ನೂ ಬೆಳಕಿಗೆ ಹಿಡಿದಳು, ಉಜ್ಜಿದಳು, ಜಗ್ಗಿದಳು.

"ಅಮ್ಮಾ, ಅದು ಬಟ್ಟೆ, ಹಗ್ಗ ಅಲ್ಲ," ಎಂದು ಅಂಗಡಿಯವನು ಗೊಣಗಿದ.

ಕೊನೆಗೆ ಒತ್ತಾದ ನೇಯ್ಗೆಯ ಬಿಳಿ ಹತ್ತಿಯದನ್ನು ಆರಿಸಿ ತಂದು, ಬಿಸಿನೀರಿನಲ್ಲಿ ಒಗೆದು, ಬಿಸಿಲಿಗೆ ಒಣಗಿಸಿ, ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಬಂದ ಅತ್ತೆಯ ಮಂಚಕ್ಕೆ ಹಾಸಿದಳು. ಹುಡುಕಿದರೂ ಒಂದು ಸುಕ್ಕು ಸಿಗದು. ಮೂಲೆಗಳು ವಾರ್ಡಿನಲ್ಲಿದ್ದಂತೆಯೇ ಬಿಗಿ.

ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. "ಮತ್ತೆ ಅಲ್ಲಿಗೇ ತಂದು ಹಾಕಿದ್ಯೇನೇ?"

ಅವಳಿಗೆ ಚುರುಕ್ಕೆಂದಿತು. ಮೂಲೆಗಳನ್ನು ಕಿತ್ತಳು, ಶೀಟನ್ನು ಮುದ್ದೆ ಮಾಡಿ, ಹೇಗೆಂದರೆ ಹಾಗೆ ಹರಡಿದಳು. ಅತ್ತೆ ಉರುಳಿಕೊಂಡದ್ದೇ ತಡ, ಗೊರಕೆ ಶುರುವಾಯಿತು.

ಅವಳು ಪಕ್ಕದ ಕುರ್ಚಿಯಲ್ಲಿ, ಆ ಸುಕ್ಕುಗಳತ್ತ ಓಡುತ್ತಿದ್ದ ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಳು.