ತಂತಿಯ ಸಪ್ಪಳ

ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದೆ, ಸುಟ್ಟುಹೋದ ನೀರೆತ್ತುವ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಒಂದು ವೈಂಡಿಂಗ್ ಅಂಗಡಿ. ಕಾಲುವೆಗೆ ನೀರು ಬಿಟ್ಟ ಕಾಲದಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನೀರು ನಿಂತರೆ ನೊಣ ಹೊಡೆಯುತ್ತ ಕೂಡಬೇಕು. ಅಲ್ಲಿ ಕೆಲಸ ಮಾಡುವ ಯೂನುಸನಿಗೆ ನಲವತ್ತಾರನೆಯ ವಯಸ್ಸಿನಲ್ಲಿ ಗಿಟಾರಿನ ಹುಚ್ಚು ಹಿಡಿಯಿತು. ಹುಚ್ಚು ಹಿಡಿಯುವುದಕ್ಕೂ ಒಂದು ವಯಸ್ಸು ಬೇಡವೇ ಎಂದು ನೀವು ಕೇಳಬಹುದು. ಅವನೂ ತನ್ನನ್ನು ಹಾಗೆಯೇ ಕೇಳಿಕೊಂಡ. ಉತ್ತರ ಸಿಗದ್ದಕ್ಕೆ ನಾಚಿಕೊಂಡು, ಗಿಟಾರನ್ನು ಗೋಣಿಚೀಲದಲ್ಲಿ ಸುತ್ತಿ, ಅದರ ಮೇಲೊಂದು ತಾಮ್ರದ ತಂತಿಯ ಸುರುಳಿ ಇಟ್ಟು, ಅಂಗಡಿಯ ಸಾಮಾನು ಒಯ್ಯುವವನಂತೆ ಮುಖ ಮಾಡಿಕೊಂಡು ತನ್ನ ಬಾಡಿಗೆ ಕೋಣೆಯ ಮೆಟ್ಟಿಲು ಹತ್ತಿದ.

ಅದು ಅವನಿಗೆ ಸಿಕ್ಕ ಬಗೆಯೂ ಹಾಗೆಯೇ, ಹುಡುಕಿ ಹೋದದ್ದಲ್ಲ. ಬೀದರಿಗೆ ವರ್ಗವಾದ ಕಾಲೇಜು ಮೇಷ್ಟ್ರೊಬ್ಬರು ಮನೆ ಸಾಮಾನು ಮಾರುತ್ತಿದ್ದರು. ಯೂನುಸ ಹೋದದ್ದು ಟೇಬಲ್ ಫ್ಯಾನಿಗೆ. ಫ್ಯಾನನ್ನು ಬೇರೆ ಯಾರೋ ಎತ್ತಿಕೊಂಡು ಹೋಗಿದ್ದರು. ಗೋಡೆಗೆ ಒರಗಿಸಿದ್ದ ಗಿಟಾರನ್ನು ಯಾರೂ ಕೇಳಿರಲಿಲ್ಲ. ಯಾರೂ ಕೇಳದೆ ಮೂಲೆಯಲ್ಲಿ ನಿಂತ ವಸ್ತುವನ್ನು ಕಂಡರೆ ಯೂನುಸನಿಗೆ ಮೊದಲಿನಿಂದಲೂ ಕರುಳು ಚುರುಕ್ ಎನ್ನುತ್ತದೆ. ಅದಕ್ಕೆ ಕಾರಣವಿತ್ತು. ಅಪ್ಪ ತೀರಿಕೊಂಡ ಮೇಲೆ ಅವನು ಕೆಂಭಾವಿಯಿಂದ ಇಲ್ಲಿಗೆ ಬಂದು, ದುಡಿದು, ಇಬ್ಬರು ತಂಗಿಯರ ನಿಕಾಹ್ ಮಾಡಿದ. ತನ್ನ ಮದುವೆಯ ಮಾತು ಬಂದಾಗಲೆಲ್ಲ ‘ಮೊದಲು ಇವಳದೊಂದು ಆಗಲಿ’ ಎನ್ನುತ್ತ ಬಂದ. ದೊಡ್ಡವಳು ಅಂಬರೀನ ಗುರುಮಠಕಲ್ಲಿಗೆ ಹೋದಳು, ಚಿಕ್ಕವಳು ಗುಡ್ಡಿ ಹೈದರಾಬಾದಿಗೆ ಹೋದಳು. ಅವನದು ಹಾಗೆಯೇ ಉಳಿಯಿತು. ಈಗ ಮಾತಾಡಿಸುವವರೇ ಇಲ್ಲ ಎಂದಲ್ಲ. ವಾರಕ್ಕೊಮ್ಮೆ ಅಂಬರೀನ ಫೋನ್ ಮಾಡಿ ‘ಖಾನಾ ಖಾಯೇ ಕ್ಯಾ ಭೈಯ್ಯಾ?’ ಎಂದು ಕೇಳುತ್ತಾಳೆ. ಅವನು ಉಂಡೆ ಎನ್ನುತ್ತಾನೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಗಿಟಾರಿನಲ್ಲಿ ಎರಡು ತಂತಿ ಇರಲಿಲ್ಲ. ತಂತಿಯ ವಿಷಯದಲ್ಲಿ ತನಗೆ ಯಾರು ಬುದ್ಧಿ ಹೇಳಬೇಕು ಎಂಬ ಜಂಭದಲ್ಲಿ ಯೂನುಸ ಅಂಗಡಿಯ ತಾಮ್ರದ ತಂತಿಯನ್ನೇ ಬಿಗಿದ. ಅದು ಒಂದೇ ಏಟಿಗೆ ಕಡಿದು ಕೆನ್ನೆಗೆ ಬಾರಿಸಿತು. ಮರುದಿನ ಅಂಗಡಿಯ ಜೊತೆಗಾರ ಹಣಮೇಶ ಕೆನ್ನೆಯ ಗೆರೆ ನೋಡಿ, “ಏನೋ, ಬೆಕ್ಕ ಪರಚೇದೇನು?” ಎಂದು ಕೇಳಿದ. ಯೂನುಸ ಹೌದೆಂದ. ಕೊನೆಗೆ ಕಲಬುರಗಿಗೆ ಹೋಗಿ ಬರುವ ಡ್ರೈವರೊಬ್ಬನ ಕೈಯಲ್ಲಿ ಸರಿಯಾದ ತಂತಿ ತರಿಸಿದ.

ಮೊದಮೊದಲು ಕಲಿಕೆ ಕುಂಟುತ್ತ ನಡೆಯಿತು. ಒಂದು ಸಂಜೆ ಉತ್ಸಾಹದಲ್ಲಿ ಬೆರಳು ಕೆಂಪಾಗುವವರೆಗೆ ಬಾರಿಸುವುದು, ಆಮೇಲೆ ವಾರಗಟ್ಟಲೆ ಅದರತ್ತ ತಿರುಗಿ ನೋಡದಿರುವುದು. ಅಲಮಾರಿನ ಮೇಲಿಂದ ಅದನ್ನು ಇಳಿಸುವುದೇ ಬೇಸರ. ಹೀಗೆ ಬಿಟ್ಟರೆ ಇದೂ ತನ್ನ ಮದುವೆಯ ಹಾಗೆ ‘ಆಮೇಲೆ ನೋಡೋಣ’ ಆಗುತ್ತದೆ ಎನಿಸಿ, ಯೂನುಸ ಅದನ್ನು ತನ್ನ ಮಂಚದ ಮೇಲೆಯೇ ಮಲಗಿಸಿದ. ಸಂಜೆ ಬಂದು ಬೆನ್ನು ಚಾಚಬೇಕಾದರೆ ಅದನ್ನು ಎತ್ತಲೇಬೇಕು. ಎತ್ತಿದ ಮೇಲೆ ಸುಮ್ಮನೆ ಇಡುವುದು ಹೇಗೆ? ಕುಕ್ಕರ್ ಸೀಟಿ ಹೊಡೆಯುವ ತನಕ ಮಾತ್ರ ನುಡಿಸುವೆ ಎಂದು ತನ್ನೊಡನೆ ಒಪ್ಪಂದ ಮಾಡಿಕೊಂಡ. ಮೊಬೈಲಿನಲ್ಲಿ ಕಲಿಸುವ ಹುಡುಗ ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತಿದ್ದ. ಯೂನುಸ ಅವನ ಮಾತು ಬಿಟ್ಟು ಬೆರಳು ಮಾತ್ರ ನೋಡುತ್ತಿದ್ದ.

ಆದರೆ ನಿಜ ಹೇಳಬೇಕೆಂದರೆ ಅವನನ್ನು ದಿನವೂ ಕೂಡಿಸಿದ್ದು ಮಂಚವೂ ಅಲ್ಲ, ಕುಕ್ಕರೂ ಅಲ್ಲ. ಕೆಳಗಿನ ಮನೆಯ ಬಾಗಿಲು.

ಮನೆಯೊಡತಿ ಪಾರ್ವತೆಮ್ಮ ಕೆಳಗಿರುತ್ತಾಳೆ. ಅರವತ್ತೈದರ ಗಟ್ಟಿ ಹೆಂಗಸು. ಜೋಳದ ರೊಟ್ಟಿ ಮಾಡಿ, ಒಣಗಿಸಿ, ಖಾನಾವಳಿಗಳಿಗೆ ಮಾರುವುದು ಅವಳ ಕಸುಬು. ಬೆಳಿಗ್ಗೆಯಿಂದ ಸಂಜೆಯವರೆಗೆ ಪಟಪಟನೆ ರೊಟ್ಟಿ ಬಡಿಯುವ ಸದ್ದು. ಮೊಣಕಾಲು ನೋವು, ಹಾಗಾಗಿ ಮೇಲೆ ಹತ್ತುವುದಿಲ್ಲ. ಮಾತು ಕಡಿಮೆ, ಇದ್ದದ್ದೂ ಕಟ್ಟಿಗೆ ಒಡೆದಂತೆ. ಯೂನುಸ ಮುಸ್ಸಂಜೆಯ ಮಗ್ರಿಬ್ ಅಜಾನ್ ಮುಗಿಯುವ ತನಕ ಕೈ ಹಿಡಿದುಕೊಂಡಿದ್ದು ಆಮೇಲೆ ತಂತಿ ಮುಟ್ಟುತ್ತಿದ್ದ. ಒಂದು ದಿನ ಅವನು ಮುಟ್ಟಿದ್ದೇ ತಡ ಕೆಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಚಿಲಕ ಸರಿದು ಮುಂಬಾಗಿಲು ತೆರೆಯಿತು. ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನವೂ ಆಯಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಬಾಗಿಲು ಮುಚ್ಚಿ ಮುಂಬಾಗಿಲು ತೆರೆಯುತ್ತಾರೆ, ಲಕ್ಷ್ಮಿ ಬರುವ ಹೊತ್ತದು ಎಂಬುದು ಯೂನುಸನಿಗೆ ಗೊತ್ತಿರಲಿಲ್ಲವೇ? ಕೆಂಭಾವಿಯಲ್ಲಿ ಅಂಥ ಮನೆಗಳ ನಡುವೆಯೇ ಬೆಳೆದವನು, ಚೆನ್ನಾಗಿ ಗೊತ್ತಿತ್ತು. ಆದರೆ ಒಂಟಿ ಮನುಷ್ಯನಿಗೆ ಗೊತ್ತಿದ್ದದ್ದನ್ನು ಮರೆಯುವ ವಿದ್ಯೆ ಬಹಳ ಬೇಗ ಸಿದ್ಧಿಸುತ್ತದೆ. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದು ಬೇರೆಯವರು ನಕ್ಕಾರು. ಯೂನುಸನ ಪಾಲಿಗೆ ಆ ಟೊಂಗೆ ಅವನಿಗಾಗಿಯೇ ಮುರಿಯುತ್ತಿತ್ತು. ಇಷ್ಟು ದೊಡ್ಡ ಊರಿನಲ್ಲಿ ಒಬ್ಬ ಜೀವ ತನ್ನ ಕೆಲಸ ನಿಲ್ಲಿಸಿ, ಬಾಗಿಲು ತೆರೆದು, ತನ್ನನ್ನು ಕೇಳುತ್ತಿದೆ ಎಂದು ಅವನು ನಂಬಿದ.

ನಂಬಿಕೆ ಬಂದ ಮೇಲೆ ಬೆರಳಿಗೆ ಬುದ್ಧಿ ಬಂತು. ಜ್ವರ ಬಂದ ದಿನವೂ ಕೂತ. ಹಾಡ್ತಾ ಹಾಡ್ತಾ ರಾಗ ಎನ್ನುತ್ತಾರಲ್ಲ, ಹಾಗೆ ಎಡಗೈ ಬೆರಳ ತುದಿಗಳು ದಡ್ಡುಗಟ್ಟಿದವು, ತಂತಿ ಚುಚ್ಚುವುದು ನಿಂತಿತು. ಸತ್ತ ಅಮ್ಮ ಗುನುಗುತ್ತಿದ್ದ ಒಂದು ಲಾಲಿಯನ್ನು ನೆನಪಿನಿಂದ ಹೆಕ್ಕಿ ಹೆಕ್ಕಿ ತಂತಿಗೆ ಕೂಡಿಸತೊಡಗಿದ. ನಡುವೆ ಒಂದು ಕಡೆ ಬೆರಳು ದೂರ ಹಾರಬೇಕು. ಅಲ್ಲಿ ಪ್ರತಿ ಸಲ ಎಡವುತ್ತಿದ್ದ. ಮಳೆಗಾಲ ಕಳೆದು ಹತ್ತಿ ಬಿಡಿಸುವ ಕಾಲ ಬಂದರೂ ಅಲ್ಲಿಯೇ ಎಡವುತ್ತಿದ್ದ.

ಒಂದು ಸಂಜೆ ಎಡವಲಿಲ್ಲ. ಮೊದಲಿನಿಂದ ಕೊನೆಯವರೆಗೆ ಲಾಲಿ ನಿಲ್ಲದೆ ಹರಿಯಿತು. ನಂಬಿಕೆಯಾಗದೆ ಇನ್ನೊಮ್ಮೆ ನುಡಿಸಿದ, ಮತ್ತೊಮ್ಮೆ ನುಡಿಸಿದ. ಅವನ ಎದೆ ತುಂಬಿ ಬಂತು. ಇವತ್ತಾದರೂ ಕೆಳಗಿನ ಮನೆಯ ಅವ್ವಾರು ಏನಾದರೂ ಅಂದೇ ಅನ್ನುತ್ತಾರೆ ಎಂದುಕೊಂಡು, ಇಲ್ಲದ ಕೆಲಸ ಮಾಡಿಕೊಂಡು ಕೆಳಗಿಳಿದ. ಪಾರ್ವತೆಮ್ಮ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು. ಯೂನುಸ ಅವಳ ಮುಂದೆಯೇ ನಿಂತು ಗಂಟಲು ಸರಿ ಮಾಡಿಕೊಂಡ. ಅವಳು ತಲೆ ಎತ್ತಿ ನೋಡಿ,

“ನಳ ಬಂದದ. ನೀರ ತುಂಬ್ಕೊ, ಆಮ್ಯಾಲ ಹೋತು ಅನಬ್ಯಾಡ,” ಎಂದಳು.

ಯೂನುಸ ನೀರು ತುಂಬಿಕೊಂಡ. ಕೊಡ ಹೊತ್ತು ಮೇಲೆ ಬಂದಾಗ ಅವನಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

ಮರುದಿನ ಅವನೊಂದು ಪರೀಕ್ಷೆ ಮಾಡಿದ. ಮಾಡಬಾರದಿತ್ತು. ಅಜಾನ್ ಮುಗಿಯಿತು. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ತಂತಿ ಮುಟ್ಟದೆ, ಕಿವಿ ನೆಟ್ಟು ಕೂತ. ಕೆಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಚಿಲಕ ಸರಿಯಿತು. ಬಾಗಿಲು ಎಂದಿನಂತೆ ತೆರೆಯಿತು. ಊದುಬತ್ತಿಯ ವಾಸನೆ ಮೆಟ್ಟಿಲ ಮೇಲೆ ಹತ್ತಿ ಬಂತು.

ಆ ಬಾಗಿಲು ಯಾವತ್ತೂ ಯೂನುಸನಿಗಾಗಿ ತೆರೆದಿರಲಿಲ್ಲ. ಇಷ್ಟು ದಿನ ತಾನು ಕೇಳಿಸಿದ್ದು ಯಾರಿಗೆ? ಗೋಡೆಗೆ, ಕೊಡಕ್ಕೆ, ಕುಕ್ಕರಿಗೆ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣವಾದರೂ ಎದುರಿಗಿರುತ್ತದೆ, ತನಗೆ ಅದೂ ಇರಲಿಲ್ಲ ಎನಿಸಿತು. ಗಿಟಾರನ್ನು ಮಂಚದಡಿ ತಳ್ಳಿ ಮೇಲೆ ಚಾದರ ಇಳಿಬಿಟ್ಟ.

ಅಲ್ಲಿಂದ ಸಂಜೆಗಳು ಬಹಳ ಉದ್ದವಾದವು. ಅಂಗಡಿ ಮುಚ್ಚಿದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಕೂತು ಸುರಪುರದ ಬಸ್ಸುಗಳಿಗೆ ಜನ ಹತ್ತುವುದನ್ನೂ ಯಾದಗಿರಿ ಬಸ್ಸಿನಿಂದ ಇಳಿಯುವುದನ್ನೂ ನೋಡುತ್ತಿದ್ದ. ಇಳಿದವರೆಲ್ಲ ಯಾರ ಬಳಿಗೋ ಹೋಗುತ್ತಿದ್ದರು. ಬೇಡದ ಚಹಾ ಕುಡಿದು, ಕತ್ತಲಾದ ಮೇಲೆ ಕೋಣೆಗೆ ಬಂದು ಮಲಗುತ್ತಿದ್ದ. ಹಣಮೇಶ, “ಯಾಕೋ, ಮಾರಿ ಸಣ್ಣದಾಗ್ಯಾದ? ಆರಾಮಿಲ್ಲೇನು?” ಎಂದರೆ, “ಬಿಸಲಪಾ,” ಎನ್ನುತ್ತಿದ್ದ. ಡಿಸೆಂಬರಿನಲ್ಲಿ ಎಂಥ ಬಿಸಿಲು? ಬೆರಳ ತುದಿಯ ದಡ್ಡು ಸಿಪ್ಪೆಯಾಗಿ ಏಳತೊಡಗಿತು. ಖಾಲಿ ಕೂತಾಗ ಅದನ್ನೇ ಕೀಳುತ್ತ ಕೂಡುತ್ತಿದ್ದ. ಕಿತ್ತ ಜಾಗದಲ್ಲಿ ಮೆತ್ತನೆಯ ಹೊಸ ಚರ್ಮ ಕಂಡಾಗ, ಇಷ್ಟು ತಿಂಗಳ ದುಡಿಮೆ ಹೋಯಿತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಆದರೂ ಮಂಚದಡಿ ಕೈ ಹಾಕಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಗ ಮೆಟ್ಟಿಲ ಮೇಲೆ ಯಾರೋ ನರಳುತ್ತ ಹತ್ತುವ ಸದ್ದಾಯಿತು. ಒಂದು ಮೆಟ್ಟಿಲು, ಒಂದು ‘ಶಿವನೇ’. ಇನ್ನೊಂದು ಮೆಟ್ಟಿಲು, ಇನ್ನೊಂದು ‘ಶಿವನೇ’. ಯೂನುಸ ಗಡಬಡಿಸಿ ಎದ್ದು ಬಾಗಿಲು ತೆರೆದ. ಪಾರ್ವತೆಮ್ಮ ಗೋಡೆ ಹಿಡಿದುಕೊಂಡು ನಿಂತಿದ್ದಳು. ಬಗಲಲ್ಲಿ ಬಟ್ಟೆಯ ಗಂಟು.

“ನೀವ್ಯಾಕ ಬಂದ್ರಿ ಅವ್ವಾರ! ಕರದಿದ್ರ ನಾನಽ ಬರತಿದ್ದೆಲ್ರಿ.”

“ಕರದ್ರ ನೀ ಬಂದು ‘ಏನಿಲ್ರಿ, ಎಲ್ಲ ಆರಾಮದ’ ಅಂತಿದ್ದಿ. ಸರಿ ಅತ್ತಾಗ,” ಎಂದು ಒಳಗೆ ಬಂದು ಹೊಸ್ತಿಲ ಬಳಿಯೇ ಕೂತಳು. ಗಂಟು ಬಿಚ್ಚಿದಳು. ಕಟಕ ರೊಟ್ಟಿ, ಡಬ್ಬಿಯಲ್ಲಿ ಪುಂಡಿಪಲ್ಯ, ಶೇಂಗಾ ಹಿಂಡಿ. “ತಿನ್ನು ಮೊದಲ.”

“ಯಾಕ್ರಿ ಇದೆಲ್ಲ?”

“ಯಾಕಂದ್ರ? ಕೆಲಸ ಇಲ್ಲಂದ್ರ ಹೊಟ್ಟಿಗೇನ ತಿಂತಿ, ಗಾಳಿ?”

ಯೂನುಸನಿಗೆ ಅರ್ಥವಾಗಲಿಲ್ಲ. “ಕೆಲಸ ಅದರೀ ಅವ್ವಾರ.”

“ಸುಳ್ಳ ಹೇಳಬ್ಯಾಡ. ನನಗ ಕಿವಿ ಇಲ್ಲೇನು? ದಿನಾ ಸಂಜಿಗಿ ಅಂಗಡಿದು ಮನಿಗಿ ತಂದು ತಂತಿ ಜಗ್ತಿದ್ದಿ. ನಾ ದೀಪ ಹಚ್ಚೂ ಹೊತ್ತಿಗೇ ಆ ಸಪ್ಪಳ ಶುರು ಆಗ್ತಿತ್ತು. ಈಗ ಭಾಳ ದಿನ ಆತು, ಒಂದ ಸಪ್ಪಳಿಲ್ಲ. ಅಂಗಡ್ಯಾಗಿಂದ ಬಿಡಿಸ್ಯಾರೇನು?”

ಯೂನುಸನ ಬಾಯಲ್ಲಿದ್ದ ರೊಟ್ಟಿ ಅಲ್ಲಿಯೇ ನಿಂತಿತು. ಇಷ್ಟು ದಿನ ಅವನ ಸಂಗೀತ ಈ ಹೆಂಗಸಿಗೆ ಮೋಟರಿಗೆ ತಂತಿ ಸುತ್ತುವ ಸದ್ದಾಗಿತ್ತು! ನಗಬೇಕೋ ನೆಲಕ್ಕಿಳಿದು ಹೋಗಬೇಕೋ ತಿಳಿಯಲಿಲ್ಲ. ಪಾರ್ವತೆಮ್ಮ ತನ್ನ ಪಾಡಿಗೆ ಹೇಳುತ್ತಲೇ ಇದ್ದಳು.

“ಮೊದಲ ಮೊದಲ ನಿನ್ನ ಕೈ ಕೂಡ್ತಿದ್ದಿಲ್ಲ ಬಿಡು. ಟಣ್ ಅಂದು ನಿಂತಽ ಬಿಡ್ತಿತ್ತು. ಮಳಿ ಹತ್ತಿದ ದಿನ ಒಂದ ತಂತಿ ಹರೀತು ನೋಡು, ಪಾಪ ನುಕ್ಸಾನ ಆತು ಅಂತ ಮರುಗಿದೆ. ಆಮ್ಯಾಲ ಚಲೋ ನಡೀತಿತ್ತು, ಖರೆ ನಡುವ ಒಂದ ಕಡಿ ಬಂದು ಮುಗ್ಗರಸ್ತಿದ್ದಿ. ದಿನಾ ಅಲ್ಲೇ. ನಾ ರೊಟ್ಟಿ ಕಟ್ಟಿಡಾಕತ್ತಿದ್ರ ಕೈ ನಿಲ್ಲಿಸಿ, ಇವತ್ತರ ದಾಟತಾನೇನೋ ಅಂತ ಕೇಳ್ತಿದ್ದೆ. ಒಂದ ದಿನ ದಾಟಿದೆಲ್ಲ? ಅವತ್ತು ಸರಾಗ ನಡೀತು, ಮತ್ತ ಮತ್ತ ನಡೀತು. ದೊಡ್ಡ ಮೋಟರ್ ಇರಬೇಕು, ಹುಡುಗ ಗೆದ್ದ ಅಂದೆ. ಅದರ ಮರುದಿನದಿಂದಽ ಬಂದ್.”

ಯೂನುಸ ತಲೆ ಎತ್ತಲಿಲ್ಲ. ಕಣ್ಣೀರು ಪುಂಡಿಪಲ್ಯದ ಮೇಲೆ ಬಿತ್ತು. ಅವನ ತಂಗಿಯರಿಗೂ ಗೊತ್ತಿರದ ಅವನ ಇಷ್ಟೂ ತಿಂಗಳ ಬದುಕು ಈ ಮುದುಕಿಯ ಕಿವಿಯಲ್ಲಿತ್ತು. ಕಡಿದ ತಂತಿ, ಎಡವಿದ ಜಾಗ, ದಾಟಿದ ದಿನ, ಒಂದನ್ನೂ ಬಿಟ್ಟಿರಲಿಲ್ಲ. ಅದು ಗಿಟಾರು ಎಂಬುದೊಂದನ್ನು ಬಿಟ್ಟು.

“ಖಾರ ಆತೇನು?” ಎಂದು ಅವಳು ಕೇಳಿದಳು.

“ಹೌದ್ರಿ.”

ಹೇಳಿಬಿಡಬೇಕು ಎಂದು ಒಮ್ಮೆ ಅನಿಸಿತು. ಚಾದರ ಎತ್ತಿ, ಗಿಟಾರು ತೆಗೆದು, ಇದು ಮೋಟರಲ್ಲ ಅವ್ವಾರ, ನಮ್ಮ ಅಮ್ಮನ ಲಾಲಿ ಎನ್ನಬೇಕು. ಆದರೆ ಹೇಳಿದರೆ ಅವಳು ‘ಹೌದಾ, ಚಲೋ ಬಾರಸ್ತಿ’ ಎಂದು ಒಂದು ಮಾತು ಅಂದು ಇಳಿದು ಹೋದಾಳು. ನಾಳೆಯಿಂದ ಅದು ಅವಳಿಗೆ ಬರೀ ಹಾಡು. ಹಾಡು ನಿಂತರೆ ಯಾರು ರೊಟ್ಟಿ ಕಟ್ಟಿಕೊಂಡು ಮೆಟ್ಟಿಲು ಹತ್ತುತ್ತಾರೆ? ಹೀಗೆ ಯೋಚಿಸಿದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಆದರೂ ಹೇಳಲಿಲ್ಲ.

“ಬಿಡಿಸಿಲ್ರಿ ಅವ್ವಾರ. ಕೆಲಸ ಕಮ್ಮಿ ಇತ್ತು. ಇವತ್ತ ಒಂದು ಬಂದದ. ಈಗ ಹಿಡೀತೇನಿ.”

“ಹಿಡಿ ಹಂಗಾರ. ಕೂತ ಮನಷ್ಯಾಗ ಜಡ್ಡ ಜಾಸ್ತಿ,” ಎಂದು ಅವಳು ಮೊಣಕಾಲ ಮೇಲೆ ಕೈಯೂರಿ ಎದ್ದಳು. ಅವನು ಕೈ ಹಿಡಿದು ಇಳಿಸಲು ಹೋದರೆ ಬೇಡವೆಂದಳು. ಒಂದೊಂದೇ ‘ಶಿವನೇ’ ಕೆಳಗಿಳಿಯತೊಡಗಿತು.

ಯೂನುಸ ಕೈ ತೊಳೆದುಕೊಂಡು, ಗಿಟಾರನ್ನು ಹೊರಗೆಳೆದು, ಶ್ರುತಿ ಮಾಡಿ, ಲಾಲಿ ಹಿಡಿದ. ತಂತಿ ಹೊಸ ಚರ್ಮಕ್ಕೆ ಬ್ಲೇಡಿನಂತೆ ತಾಗಿತು. ಬೆರಳುಗಳು ಎಲ್ಲ ಮರೆತಿದ್ದವು. ಅವಳು ಕೆಳಗೆ ತಲುಪುವುದರೊಳಗೆ ಒಮ್ಮೆಯಾದರೂ ಸರಿಯಾಗಿ ಕೇಳಿಸಬೇಕೆಂಬ ಆತುರದಲ್ಲಿ ಓಡಿಸಿದ. ಮೊದಲಿಗಿಂತ ಕೆಟ್ಟದಾಗಿ, ಅದೇ ಜಾಗದಲ್ಲಿ ಎಡವಿದ.

ಕೆಳಗಿಂದ ಪಾರ್ವತೆಮ್ಮ ಕೂಗಿದಳು:

“ಸಾವಕಾಶ ತಮ್ಮಾ! ತಂತಿ ಹರದೀತು.”

“ಹೌದ್ರಿ ಅವ್ವಾರ,” ಎಂದು ಯೂನುಸ ಮತ್ತೆ ಮೊದಲಿನಿಂದ, ನಿಧಾನವಾಗಿ ಶುರು ಮಾಡಿದ.