ಮೂವತ್ತೊಂದು ಚೊಂಬು ನೀರು

ಸಮಸ್ತ ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಹಿತ್ತಾಳೆ ಚೊಂಬಾದ ನಾನು ಹಿತ್ತಲಿಗೆ ವರ್ಗವಾಗಿದ್ದೇನೆ. ಬಾವುಟ ಇಳಿಸುವ ಅಗತ್ಯವಿಲ್ಲ; ಶಾಲೆಗಳಿಗೆ ರಜೆಯೂ ಇರುವುದಿಲ್ಲ.

ನಾನು ಹುಟ್ಟಿದ್ದು ನಾಗಮಂಗಲದಲ್ಲಿ, ಒಬ್ಬ ಕಂಚುಗಾರನ ಸುತ್ತಿಗೆಯ ಕೆಳಗೆ. ಪೆಟ್ಟು ತಿಂದು ತಿಂದೇ ದುಂಡಗಾದೆ. ಅಲ್ಲಿಂದ ಪಾತ್ರೆ ಅಂಗಡಿ, ಅಂಗಡಿಯಿಂದ ಮದುವೆಮನೆ. ಉಡುಗೊರೆ ಅಂತ ಚೊಂಬು ಕೊಟ್ಟರು ಎಂದು ಯಾರೋ ನಕ್ಕರು. ಮದುಮಗಳು ಇಂದುಮತಿ ಮಾತ್ರ ನನ್ನನ್ನು ಜೋಪಾನವಾಗಿ ನಂಜನಗೂಡಿನ ಗಂಡನ ಮನೆಗೆ ತಂದಳು.

ಅಲ್ಲಿ ಅತ್ತೆ ಕಾವೇರಮ್ಮನ ಮಡಿ ಬೀದಿಗೆಲ್ಲ ಹೆಸರಾಗಿತ್ತು. ಇಂದುಮತಿಯ ಮಗಳು ಚಾರು ಐದನೇ ವರ್ಷದಲ್ಲಿ ಜ್ವರ ಬಂದು ಸಾಯುವಂತಾಗಿ ಬದುಕಿಕೊಂಡಳು. ಅಂದಿನಿಂದ ಇಂದುಮತಿ ಬಾಗಿಲು ಮುಟ್ಟಿದರೂ ಕೈ ತೊಳೆಯತೊಡಗಿದಳು. ಮೂರು ಚೊಂಬು ಏಳಾಯಿತು, ಏಳು ಮೂವತ್ತೊಂದಾಯಿತು. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಒಂದರಿಂದ. ನೆಂಟರು ಅತ್ತೆಯನ್ನೇ ಮೀರಿಸಿದ ಸೊಸೆ ಎಂದು ಹೊಗಳಿದರು. ಕಾವೇರಮ್ಮನಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಮಡಿ ಎಂಬುದಕ್ಕೆ ಸಾಯು ಎಂಬ ಅರ್ಥವೂ ಇದೆ. ಮನೆಯವರು ಒಂದೇ ಅರ್ಥ ಓದಿಕೊಂಡಿದ್ದರು.

ಒಂದು ಚೊಂಬು ಕಡಿಮೆಯಾದರೆ ಚಾರುಗೆ ಕೇಡಾಗುತ್ತದೆ ಎಂದು ಅವಳು ಪಿಸುಗುಡುವುದು ನನಗೆ ಮಾತ್ರ ಕೇಳುತ್ತಿತ್ತು. ಬೆರಳು ಸೀಳಿ ರಕ್ತ ನನ್ನ ಅಂಚಿಗೆ ಹತ್ತುತ್ತಿತ್ತು. ಮಗಳನ್ನು ಉಳಿಸಿಕೊಳ್ಳಲು ಹೋಗಿ ಮಗಳನ್ನು ಮುಟ್ಟುವುದನ್ನೇ ಬಿಟ್ಟಳು. ಚಾರುವಿನ ಜಡೆ ಅಜ್ಜಿಯ ಪಾಲಾಯಿತು.

ಏಳು ವರ್ಷದ ಮೇಲೆ ಗಂಡ ಶ್ರೀಕಂಠ ಅವಳನ್ನು ಮೈಸೂರಿಗೆ ಕರೆದೊಯ್ದ. ಬೇರೆ ಪಾತ್ರೆಯ ನೀರು ಆಗದ್ದರಿಂದ ಚೀಲದಲ್ಲಿ ನಾನೂ ಹೋದೆ. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡುವ ಡಾಕ್ಟರು ಗ್ರೇಸ್ ಮೇಡಂ ಎಲ್ಲ ಕೇಳಿಸಿಕೊಂಡರು.

"ಇದು ಮಡಿ ಅಲ್ಲಮ್ಮ, ಭಯ. ಮಡಿ ಆಗಿದ್ರೆ ಒಂದು ಹೊತ್ತಿಗೆ ಸಾಕು ಅನ್ನಿಸ್ತಿತ್ತು."

ಇಂದುಮತಿ ಅತ್ತಳು. ಸಾಕು ಎಂಬ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಮೇಡಂ ಕೊಟ್ಟ ಮದ್ದು ಇಷ್ಟೇ: ಬಾಗಿಲು ಮುಟ್ಟಬೇಕು, ಕೈ ತೊಳೆಯದೆ ಕೂರಬೇಕು. ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ, ತಾನಾಗಿ ಇಳಿಯುತ್ತದೆ. ಹೀಗೆ ವಾರಕ್ಕೊಂದು ಮೆಟ್ಟಿಲು. ನಾಲ್ಕು ತಿಂಗಳಲ್ಲಿ ಮೂವತ್ತೊಂದು ಹತ್ತಾಯಿತು, ಎರಡಾಯಿತು. ನಿರುದ್ಯೋಗ ಇಷ್ಟು ಸುಖವೆಂದು ನನಗೆ ಗೊತ್ತಿರಲಿಲ್ಲ. ಕೊನೆಯ ಮೆಟ್ಟಿಲನ್ನು ಅವಳೇ ಆರಿಸಿಕೊಂಡಳು: ಚಾರುಗೆ ಜಡೆ ಹಾಕುವುದು, ಆಮೇಲೆ ಕೈ ತೊಳೆಯದಿರುವುದು. ಕಾವೇರಮ್ಮನೇ ಒಳ್ಳೆಯ ಶುಕ್ರವಾರ ನೋಡಿಕೊಟ್ಟರು. ಮರೆಯಬಾರದು, ಹಿಂಜರಿಯಬಾರದು ಎಂದು ಇಂದುಮತಿ ಕ್ಯಾಲೆಂಡರಿನ ಆ ಮನೆಯಲ್ಲಿ ಬರೆದಳು: ಚಾರು, ಮುಟ್ಟು.

ಶುಕ್ರವಾರ ಬಂತು. ಚಾರು ಬಾಚಣಿಗೆ ಹಿಡಿದು ಅಮ್ಮನ ಮುಂದೆ ಬೆನ್ನು ಮಾಡಿ ನಿಂತಳು. ಲಂಗದ ಮೇಲೆ ಕೆಂಪು ಕಲೆ. ಮೊದಲನೇ ಸಲ.

"ಮುಟ್ಬೇಡ ಇಂದೂ," ಎಂದರು ಕಾವೇರಮ್ಮ. "ಮಗು ಮುಟ್ಟಾಗಿದಾಳೆ."

ಡಾಕ್ಟರು ಮುಟ್ಟಲು ಹೇಳಿದ್ದಾರೆ ಎಂದು ಶ್ರೀಕಂಠ ವಾದಿಸಿದ.

"ಬೇಡ ಅಂದೋರ್ಯಾರಪ್ಪ? ಮೂರು ದಿನ ಕಳೀಲಿ, ನಾಲ್ಕನೇ ದಿನ ಮುಟ್ಲಿ."

ಚಾಚಿದ ಕೈ ಹಾಗೇ ನಿಂತಿತು. ಇಂದುಮತಿಯ ಕಣ್ಣು ಕ್ಯಾಲೆಂಡರಿನ ಮೇಲೆ ಬಿತ್ತು.

"ನಾನೇ ಬರ್ದಿದ್ದೆ," ಎಂದಳು. "ನಾನು ಬರ್ದಿದ್ದಕ್ಕೇ ಮಗೂಗೆ ರಕ್ತ ಬಂತು."

ಅಲ್ಲ ಎಂದು ಎಲ್ಲರೂ ಹೇಳಿದರು. ಅವಳು ಆಗಲೇ ಬಚ್ಚಲು ಸೇರಿದ್ದಳು.

ಚಾರುವನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದರು, ನೀರಿಗೆ ನನ್ನನ್ನು ಕೊಟ್ಟರು. ಹುಣಸೆಹಣ್ಣು ಹಚ್ಚಿ ಬೆಳಗಿದರೆ ನಾನು ಮತ್ತೆ ಮಡಿಯೆಂದು ಕಾವೇರಮ್ಮನ ಶಾಸ್ತ್ರ. ಇಂದುಮತಿಯ ಭಯ ಒಪ್ಪಲಿಲ್ಲ. ನಾನು ಹಿತ್ತಲಲ್ಲೇ ಉಳಿದೆ, ಬಚ್ಚಲಿಗೆ ಹೊಸ ಪ್ಲಾಸ್ಟಿಕ್ ಮಗ್ಗು ಬಂತು.

ನಾಲ್ಕನೇ ದಿನ ಚಾರು ತಲೆಗೆ ನೀರು ಹಾಕಿಕೊಂಡಳು. ಇನ್ನು ಮುಟ್ಟಲು ಯಾವ ಅಡ್ಡಿಯೂ ಇರಲಿಲ್ಲ. ಒಳಗೆ ಬಚ್ಚಲಲ್ಲಿ ಪ್ಲಾಸ್ಟಿಕ್ ಮಗ್ಗಿನ ಸದ್ದು ನಡೆದೇ ಇತ್ತು. ಚಾರು ಕಾದಳು. ಆಮೇಲೆ ಹಿತ್ತಲ ಕಲ್ಲಿನ ಮೇಲೆ ಕೂತು ಒದ್ದೆ ಕೂದಲನ್ನು ತಾನೇ ಮೂರು ಪಾಲು ಮಾಡಿದಳು. ಹೆಣಿಗೆ ತಪ್ಪಿತು.

"ಎಡಗಡೇದು ಮೇಲೆ ಬರ್ಬೇಕು ಪುಟ್ಟಿ."

ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಹತ್ತು ಅಡಿ ದೂರ. ಸೀಳಿದ ಬೆರಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅವು ಮಗಳಿಗೆ ತೋರಿಸುತ್ತ ಬರೀ ಗಾಳಿಗೆ ಜಡೆ ಹಾಕುತ್ತಿದ್ದವು.